ಮೊದಲೇ ಉಡಿ ತುಂಬಿದ ಗೋಷ್ಠಿ

ಸಪ್ನಾ ನಾಲ್ಕು ತಾಲೂಕುಗಳ ಮಹಿಳಾ ಉದ್ಯಮಿಗಳ ಒಕ್ಕೂಟದಲ್ಲಿ ಸಂಯೋಜಕಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಅವಳ ವ್ಯಾಪ್ತಿಗೆ ಬರುತ್ತವೆ. ಕೆಲಸ ಸಿಕ್ಕ ಹೊಸದರಲ್ಲಿ ಅವಳ ಅವ್ವ ಕೆಂಪವ್ವ, "ಅಲ್ಲಿ ಏನ ಮಾಡಬೇಕವಾ ನೀ?" ಎಂದು ಕೇಳಿದ್ದಳು.

"ದಂಧೆ ಮಾಡೂ ಹೆಣ್ಮಕ್ಕಳನ್ನ ಒಂದ ಕಡೆ ಕೂಡಿಸಿ ಮಾತಾಡಸಬೇಕು."

"ಹೆಣ್ಮಕ್ಕಳನ್ನ ಮಾತಾಡಸಾಕ ಪಗಾರ ಕೊಡತಾರ?"

ಸಪ್ನಾ ಉತ್ತರ ಹುಡುಕುವಷ್ಟರಲ್ಲಿ ಕೆಂಪವ್ವ ಎಮ್ಮೆಗೆ ನೀರು ಕುಡಿಸಲು ಎದ್ದು ಹೋಗಿದ್ದಳು. ಆ ಉತ್ತರವನ್ನು ಸಪ್ನಾ ಇನ್ನೂ ಹುಡುಕುತ್ತಲೇ ಇದ್ದಳು.

ಮುನವಳ್ಳಿ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ ಸಪ್ನಾ ಐದನೇ ಇಯತ್ತೆಗೇ ಹಾಸ್ಟೆಲ್ ಸೇರಿದವಳು. ಡಿಗ್ರಿ ಮುಗಿಯುವವರೆಗೂ ಹಾಸ್ಟೆಲ್ಲೇ ಮನೆ. ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಓದಲು ಕೂಡುವುದಕ್ಕೂ ಗಂಟೆ. ಊರಲ್ಲಿ ಯಾರದೇ ಕುಬಸ, ತೊಟ್ಟಿಲು, ಮದುವೆ ಇದ್ದರೂ ಅದೇ ವಾರ ಅವಳಿಗೆ ಪರೀಕ್ಷೆ ಇರುತ್ತಿತ್ತು. ಹೀಗಾಗಿ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳೂ ಅವಳೇ, ಉಡಿ ತುಂಬುವ ರೀತಿ ತಿಳಿಯದೆ ದೊಡ್ಡವಳಾದ ಮೊದಲನೆಯವಳೂ ಅವಳೇ. ಮೊದಲನೆಯದರ ಫೋಟೋವನ್ನು ಕಟ್ಟು ಹಾಕಿಸಿ ಟಿವಿಯ ಮೇಲೆ ತೂಗುಹಾಕಿದ್ದರು. ಎರಡನೆಯದು ಯಾರ ಗಮನಕ್ಕೂ ಬಂದಿರಲಿಲ್ಲ.

ಗೋಷ್ಠಿಯ ವಿಚಾರ ಅವಳಿಗೆ ಹೊಳೆದದ್ದು ಬಸ್ಸಿನಲ್ಲಿ. ಸವದತ್ತಿಯಿಂದ ಮುನವಳ್ಳಿಗೆ ಹೋಗುವ ಬಸ್ಸಿನಲ್ಲಿ ಹಪ್ಪಳ ಮಾರುವವಳೂ ಬಳೆ ಮಾರುವವಳೂ ಪಕ್ಕಪಕ್ಕ ಕೂತು, ಯಾವ ಅಂಗಡಿಯವನು ಮಾಲು ಹಿಡಿದು ಸತಾಯಿಸುತ್ತಾನೆ, ಯಾವ ಸಂತೆಯಲ್ಲಿ ನೆರಳಿನ ಜಾಗ ಸಿಗುತ್ತದೆ, ಗಂಡನಿಗೆ ಎಷ್ಟು ಹೇಳಬೇಕು ಎಷ್ಟು ಹೇಳಬಾರದು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಎಲ್ಲವೂ ಬೆಲೆಬಾಳುವ ಮಾತು. ಆದರೆ ಮಾತು ನಡುವೆ ಇರುವಾಗ ಊರು ಬರುತ್ತಿತ್ತು, ಒಬ್ಬಳು ಇಳಿದು ಹೋಗುತ್ತಿದ್ದಳು. ಯಾರೂ ನಡುವೆ ಇಳಿಯದ ಜಾಗದಲ್ಲಿ ಇವರನ್ನು ಕೂಡಿಸಬೇಕು ಎಂದು ಸಪ್ನಾ ಅಂದುಕೊಂಡಳು. ಕಚೇರಿಯ ಭಾಷೆಯಲ್ಲಿ ಅದಕ್ಕೆ ಸಂವಾದ ಗೋಷ್ಠಿ ಎಂದು ಹೆಸರು ಬಂತು.

ಮೊದಲ ಗೋಷ್ಠಿ ಸವದತ್ತಿಯಲ್ಲಿ ನಡೆಯಿತು. ಪ್ರಾರ್ಥನೆ, ಸ್ವಾಗತ, ದೀಪ, ಅತಿಥಿಗಳ ಭಾಷಣ ಎಲ್ಲ ಆದವು. ಅತಿಥಿಗಳಲ್ಲಿ ಪ್ರತಿಯೊಬ್ಬರೂ ತಾವು ಹೆಚ್ಚು ಮಾತಾಡುವುದಿಲ್ಲ ಎಂದು ಹೇಳಿ ಸುರು ಮಾಡಿದರು. ಉದ್ಯಮಿ ಹೆಣ್ಣುಮಕ್ಕಳ ಸರದಿ ಬರುವಾಗ ಊಟದ ಕೋಣೆಯಿಂದ ಸಾರಿನ ವಾಸನೆಯೂ ಬಂತು. ಅವರಿಗೆ ಸತ್ಕಾರ ಕೊನೆಯಲ್ಲಿತ್ತು. ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರಿಸುವಾಗಲೂ ಅವರ ಕಣ್ಣು ಬದಿಯಲ್ಲಿ ಮಡಿಸಿಟ್ಟ ಶಾಲುಗಳ ಮೇಲಿತ್ತು.

ಎರಡನೆಯದು ರಾಮದುರ್ಗದಲ್ಲಿ. ಈ ಸಲ ಸಪ್ನಾ ಪ್ರಶ್ನೆ ಉತ್ತರ ಎರಡನ್ನೂ ಬರೆದು ಮುಂಚೆಯೇ ಕೊಟ್ಟಳು. ಕೈಮಗ್ಗದ ಸೀರೆ ಮಾರುವ ಯಶೋಧಾ ಮೈಕು ಹಿಡಿದು, "ಪ್ರಶ್ನೆ ಎರಡು. ನಿಮಗೆ ಸ್ಫೂರ್ತಿ ಯಾರು. ಉತ್ತರ. ನನಗೆ ಸ್ಫೂರ್ತಿ" ಎಂದು ಓದಿ, ಹಾಳೆ ತಿರುವಿ, ಮುಂದಿನದನ್ನೂ ಓದಿದಳು. ಮುಂದಿನ ಸಾಲಿನ ಕೂಸುಗಳು ಮಲಗಿದವು. ಹಿಂದಿನ ಸಾಲಿನಲ್ಲಿ ಅವುಗಳ ಅಜ್ಜಿಯರು ಮಲಗಿದರು.

ಒಕ್ಕೂಟದ ಅಧ್ಯಕ್ಷೆ ಸುಂದರಾಬಾಯಿ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಾರೆ. ಅವರು ಸಪ್ನಾಳನ್ನು ಕರೆದು ಕೂಡಿಸಿ ಚಹಾ ತರಿಸಿದರು. ಅವರು ಚಹಾ ತರಿಸಿದರೆ ಸುದ್ದಿ ಒಳ್ಳೆಯದಿರುವುದಿಲ್ಲ.

"ಸಪ್ನಾ, ಇದೊಂದ ಸಲ ಬೈಲಹೊಂಗಲದಾಗ ಮಾಡಿ ನೋಡೋಣ. ಆಗಲಿಲ್ಲಂದ್ರ ಮುಂದಿನ ವರ್ಷದಿಂದ ಗೋಷ್ಠಿ ತಗದು ರಂಗೋಲಿ ಸ್ಪರ್ಧೆ ಇಡೋಣ. ರಂಗೋಲಿಗೆ ಮಂದಿ ತಾವಾಗೇ ಬರ್ತಾರ. ಮಾತಾಡ್ರೀ ಅಂತ ಯಾರಿಗೂ ಕೈ ಮುಗಿಯೋದು ಇರೂದಿಲ್ಲ."

"ಹೌದ್ರಿ ಅಕ್ಕೋರ" ಎಂದಳು ಸಪ್ನಾ.

ರಂಗೋಲಿಯ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಆದರೆ ತಾನು ವರ್ಷವರ್ಷವೂ ಕಲ್ಯಾಣ ಮಂಟಪದ ನೆಲಕ್ಕೆ ಸುಣ್ಣದ ಗೆರೆ ಎಳೆದು ಚೌಕ ಮಾಡುತ್ತಿರುವುದೂ, ಹಪ್ಪಳದವಳು ಬಳೆಯವಳು ಚೌಕಕ್ಕೊಬ್ಬರಂತೆ ಬಗ್ಗಿ ಕೂತು ಯಾರೊಂದಿಗೂ ಮಾತಾಡದೆ ನವಿಲು ಬಿಡಿಸುತ್ತಿರುವುದೂ ಅವಳಿಗೆ ಸ್ಪಷ್ಟವಾಗಿ ಕಂಡಿತು. ಚಹಾ ಆರಿತು.

ಮೂರನೆಯ ಗೋಷ್ಠಿಗೆ ಅವಳು ಮೊದಲು ಭಾಷಣಗಳನ್ನು ತೆಗೆದಳು. ಆಮೇಲೆ ಬರೆದು ಕೊಡುವುದನ್ನು ಬಿಟ್ಟಳು. ವೇದಿಕೆಗೆ ನಾಲ್ವರು ಸಾಕು ಎಂದು ತೀರ್ಮಾನಿಸಿದಳು. ತಾಲೂಕಿಗೆ ಒಬ್ಬಳಾದರೂ ಇರದಿದ್ದರೆ ಆ ತಾಲೂಕಿನವರು ಊಟಕ್ಕೂ ನಿಲ್ಲುವುದಿಲ್ಲ, ಇಬ್ಬರಿದ್ದರೆ ಉಳಿದ ತಾಲೂಕಿನವರು ನಿಲ್ಲುವುದಿಲ್ಲ. ಕಿತ್ತೂರಿನಿಂದ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವ ಭಾಗ್ಯಾ, ರಾಮದುರ್ಗದಿಂದ ಅದೇ ಯಶೋಧಾ, ಬೈಲಹೊಂಗಲದಿಂದ ಜಂಪರ್ ಹೊಲಿಯುವ ರೇಣು, ಸವದತ್ತಿ ತಾಲೂಕಿನಿಂದ ಮುನವಳ್ಳಿಯ ಗಿರಣಿ ಕೆಂಚವ್ವ.

ನಾಲ್ವರನ್ನೂ ಅವರವರ ಜಾಗಕ್ಕೇ ಹೋಗಿ ಮಾತಾಡಿಸಿದಳು. ಕೆಂಚವ್ವನ ಹಿಟ್ಟಿನ ಗಿರಣಿಯಲ್ಲಿ ಯಂತ್ರ ತಿರುಗುತ್ತಿರುವಾಗ ಮಾತಾಡುವುದೆಂದರೆ ಕೂಗುವುದೇ. ಗಂಡ ತೀರಿಕೊಂಡ ಮೇಲೆ ಕೆಂಚವ್ವ ಗಿರಣಿಯನ್ನು ತಾನೇ ನಡೆಸುತ್ತಾಳೆ. ಹುಬ್ಬಿನ ಮೇಲೆ ಯಾವಾಗಲೂ ಜೋಳದ ಹಿಟ್ಟು ಕೂತಿರುತ್ತದೆ.

"ಗೋಷ್ಠ್ಯಾಗ ನಿಮ್ಮನ್ನ ಏನ್ ಕೇಳಬೇಕ್ರಿ?" ಎಂದು ಸಪ್ನಾ ಕೂಗಿದಳು.

"ನಮ್ಮ ಮಂದಿಗೆ ಇಲ್ಲ ಅನ್ನೂದು ಹ್ಯಾಂಗ, ಅದನ್ನ ಕೇಳ. ಗಿರಾಕಿಗೆ ಹೇಳಬಹುದು. ಬೀಗರಿಗೆ ಹ್ಯಾಂಗ ಹೇಳತಿ?"

ಉಳಿದ ಮೂವರನ್ನು ಕೇಳಿದಾಗಲೂ ಸುತ್ತಿ ಬಳಸಿ ಅದೇ ಮಾತು ಬಂತು. ಬ್ಯಾನರಿನ ಮೇಲೆ 'ಮಹಿಳಾ ಉದ್ಯಮಶೀಲತೆ: ಸವಾಲುಗಳು ಮತ್ತು ಅವಕಾಶಗಳು' ಎಂದು ಆಗಲೇ ಅಚ್ಚಾಗಿತ್ತು. ಬ್ಯಾನರು ಹಾಗೇ ಇರಲಿ, ಒಳಗೆ ಬೀಗರ ಮಾತು ನಡೆಯಲಿ ಎಂದು ಸಪ್ನಾ ನಿರ್ಧರಿಸಿದಳು.

ಸತ್ಕಾರದ ವಿಚಾರದಲ್ಲಿ ಸಲಹೆ ಕೊಟ್ಟವರು ಸುಂದರಾಬಾಯಿ. "ಹೆಣ್ಣುಮಕ್ಕಳ ಕಾರ್ಯಕ್ರಮಕ್ಕ ಹಾರ ಯಾಕ? ಮುತ್ತೈದೆಯರಿಗೆ ಉಡಿ ತುಂಬೋಣ. ಕೆಂಚವ್ವಗ ಶಾಲು ಹೊದಿಸೋಣ." ಜಂಪರ್ ಪೀಸು, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣಬೇರು, ಎಲೆ ಅಡಿಕೆಗಳನ್ನು ಸೆರಗಿನಲ್ಲಿ ಹಾಕಿ ಕಳಿಸುವ ಮರ್ಯಾದೆ ಅದು. ಗಂಡ ಇಲ್ಲದವರಿಗೆ ಅದನ್ನು ಮಾಡುವುದಿಲ್ಲ. ಕೆಂಚವ್ವನನ್ನು ಈ ಬಗ್ಗೆ ಒಂದು ಮಾತು ಕೇಳಬೇಕಿತ್ತು ಎಂದು ಸಪ್ನಾಳಿಗೆ ಅನಿಸಿತು. ಹೇಗೆ ಕೇಳಬೇಕೆಂದು ತಿಳಿಯದೆ, ಕೇಳದೆ ಬಿಟ್ಟಳು.

ಸವದತ್ತಿಯ ಶಾಲುಗಳು ಅವಳ ಮನಸ್ಸಿನಲ್ಲಿದ್ದವು. ಕೊಡುವುದನ್ನು ಮೊದಲೇ ಕೊಟ್ಟುಬಿಟ್ಟರೆ ಕಣ್ಣು ಆ ಕಡೆ ಹೋಗುವುದಿಲ್ಲ, ಆಮೇಲೆ ನಿರಾಳವಾಗಿ ಮಾತಾಡುತ್ತಾರೆ. ಹಾಗೆಂದು ಕಾರ್ಯಕ್ರಮದಲ್ಲಿ ಸತ್ಕಾರವನ್ನು ದೀಪದ ನಂತರಕ್ಕೇ ತಂದಿಟ್ಟಳು. ಸಂಜೆ ಅವ್ವನಿಗೆ ಫೋನಿನಲ್ಲಿ ಇದನ್ನೂ ಹೇಳಿದಳು.

"ಹೋದ ಕೂಡಲೇ ಉಡಿ ತುಂಬತೀರಿ?" ಎಂದಳು ಕೆಂಪವ್ವ.

"ಹೌದವಾ."

"ಹಂಗಾರ ಲಗೂನ ಮುಗೀತೈತಿ ಬಿಡು."

ಸಪ್ನಾ ಇದನ್ನು ಮೆಚ್ಚುಗೆ ಎಂದು ತಿಳಿದಳು.

ಗೋಷ್ಠಿಯ ದಿನ ಬೈಲಹೊಂಗಲ ಬಸ್‌ಸ್ಟ್ಯಾಂಡ್ ಹತ್ತಿರದ ಕಲ್ಯಾಣ ಮಂಟಪದಲ್ಲಿ ಕುರ್ಚಿಗಳನ್ನು ಅರ್ಧ ಚಂದ್ರದ ಹಾಗೆ ಇಡಲಾಗಿತ್ತು. ಕಾರ್ಯಕ್ರಮ ಹೇಳಿದ ಹೊತ್ತಿಗೇ ಸುರುವಾಯಿತು. ಇದಕ್ಕೆ ಯಾರೂ ತಯಾರಿರಲಿಲ್ಲ. ಪ್ರಾರ್ಥನೆ ಆಯಿತು, ದೀಪ ಆಯಿತು. ಒಕ್ಕೂಟದ ಹೆಣ್ಣುಮಕ್ಕಳು ಅರಿಷಿಣ ಕುಂಕುಮ ಹಚ್ಚಿ ಭಾಗ್ಯಾ, ಯಶೋಧಾ, ರೇಣು ಮೂವರ ಉಡಿ ತುಂಬಿದರು. ಇಷ್ಟು ಬೇಗ ಉಡಿ ತುಂಬಿದ್ದನ್ನು ನೋಡಿ, ಈ ಸಲ ಗೋಷ್ಠಿ ಇಲ್ಲ ಎಂದು ಆ ಮೂವರೂ ತಿಳಿದರು. ಯಾರಿಗೂ ಬೇಸರವಾದಂತೆ ಕಾಣಲಿಲ್ಲ. ಕೆಂಚವ್ವನಿಗೆ ಶಾಲು ಹೊದಿಸಿದರು.

ಅಷ್ಟರಲ್ಲಿ ಸುಂದರಾಬಾಯಿ ಬಂದರು. ಅಧ್ಯಕ್ಷರು ಬರಬೇಕಾದಷ್ಟೇ ತಡವಾಗಿ ಅವರು ಬಂದಿದ್ದರು. ವೇದಿಕೆಯ ಮೇಲೆ ಉಡಿ ಹಿಡಿದು ನಿಂತವರನ್ನು ಕಂಡು ಅವರ ಮುಖ ಸಣ್ಣದಾಯಿತು. ನೇರವಾಗಿ ಹೋಗಿ ಮೈಕು ಹಿಡಿದರು.

"ನನಗ ಬರೋದು ತಡ ಆತು, ಕ್ಷಮಾ ಇರಲಿ. ಆದರ ಇವತ್ತಿನ ಗೋಷ್ಠಿ ಬಹಳ ಅರ್ಥಪೂರ್ಣ ಆಗೇದ. ನಾಲ್ಕೂ ಮಂದಿ ತಮ್ಮ ಅನುಭವ ಬಿಚ್ಚಿ ಹೇಳ್ಯಾರ. ಇದು ಎಲ್ಲರಿಗೂ ದಾರಿದೀಪ ಆಗಲಿ."

ಸಭೆ ಚಪ್ಪಾಳೆ ತಟ್ಟಿತು. ಉಡಿ ತುಂಬಿಸಿಕೊಂಡ ಮೂವರೂ ಅಕ್ಕೋರ ಕಾಲಿಗೆ ನಮಸ್ಕಾರ ಮಾಡಿ, ಸೆರಗು ಬಿಗಿಹಿಡಿದು, ಮೆಟ್ಟಿಲಿಳಿದು ಹೊರಗೆ ಹೋದರು. ಪ್ರಶ್ನೆಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ನಿಂತಿದ್ದ ಸಪ್ನಾ, ಅವರು ನೀರು ಕುಡಿಯಲು ಹೋದರು ಎಂದುಕೊಂಡಳು. ಬಾಗಿಲ ಬಳಿ ಇದ್ದವಳೊಬ್ಬಳು ಅವರ ಚಪ್ಪಲಿಗಳೂ ಹೋದವು ಎಂದು ಹೇಳಿದಾಗ ವಿಷಯ ತಿಳಿಯಿತು.

ವೇದಿಕೆಯ ಮೇಲೆ ಕೆಂಚವ್ವ ಒಬ್ಬಳೇ ಕೂತಿದ್ದಳು.

"ನೀವೂ ಹೊಂಟ್ರೇನ್ರಿ?" ಎಂದು ಸಪ್ನಾ ಕೇಳಿದಳು.

"ಉಡಿ ತುಂಬಿದ ಮ್ಯಾಲ ಹೋಗಬೇಕು, ಅದು ಗೊತ್ತೈತಿ. ಶಾಲು ಹೊಚ್ಚಿದ ಮ್ಯಾಲ ಕುಂದರಬೇಕೋ ಹೋಗಬೇಕೋ ನನಗ ಯಾರೂ ಹೇಳಿಲ್ಲ. ಅದಕ್ಕ ಕುಂತೇನಿ."

"ಕುಂತಿರ್ರಿ. ಈಗ ಬಂದೆ." ಸಪ್ನಾ ಅಕ್ಕೋರಿಂದ ತೆಗೆದುಕೊಂಡು ಹಿಡಿದಿದ್ದ ಮೈಕನ್ನು ಅವಳ ಕೈಗೆ ಕೊಟ್ಟಳು. ಅದರ ಹಿಂದೆ ಯೋಚನೆಯೇನೂ ಇರಲಿಲ್ಲ, ಓಡುವುದಕ್ಕೆ ಕೈ ಖಾಲಿ ಬೇಕಿತ್ತು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಭಾಗ್ಯಾ ಮತ್ತು ಯಶೋಧಾ ಎರಡೂ ಕೈಯಲ್ಲಿ ಉಡಿ ಹಿಡಿದು ಕೂತಿದ್ದರು. ರೇಣುವಿನ ಮನೆ ಅದೇ ಊರು, ಅವಳು ನಡೆದು ಹೋಗಿದ್ದಳು.

"ಅಕ್ಕಾರ, ಗೋಷ್ಠಿ ಇನ್ನೂ ಆಗಿಲ್ರಿ" ಎಂದಳು ಸಪ್ನಾ ತೇಕುತ್ತ.

"ಆತಲ್ಲ" ಎಂದಳು ಯಶೋಧಾ. "ಅಕ್ಕೋರು ಚಲೋ ಆತು ಅಂದ್ರಲ್ಲ."

"ನೀವು ಒಂದ ಮಾತೂ ಆಡಿಲ್ರಿ."

"ಹೌದು. ರಾಮದುರ್ಗದಾಗ ಓದಿ ಓದಿ ನನ್ನ ಗಂಟಲಾ ಬಿದ್ದಿತ್ತು. ಈ ಸಲ ಭಾಳ ಹಗೂರ ಆತು ನೋಡ್ರಿ."

"ಹೊಳ್ಳಿ ಬರ್ರಿ, ಕೈ ಮುಗೀತೇನಿ."

ಭಾಗ್ಯಾ ಅವಳನ್ನು ಕನಿಕರದಿಂದ ನೋಡಿದಳು. "ಉಡಿ ತುಂಬಿ ಕಳಿಸಿದ ಮನಿಗೆ ಉಡಿ ಹೊತಗೊಂಡ ಹೊಳ್ಳಿ ಹೋಗತಾರೇನ್ರಿ ಮೇಡಂ? ತವರಮನ್ಯಾಗೂ ಹಂಗ ಮಾಡೂದಿಲ್ಲ. ಸೀದಾ ಮನಿಗೆ ಹೋಗಿ ದೇವರ ಮುಂದ ಇಳಿಸಬೇಕು. ಕಡೀಕ ತುಂಬಿದ್ರ ಮಾತಾಡತಿದ್ವಿ. ನಾ ಮನ್ಯಾಗ ಹೇಳಿ ಬಂದಿದ್ದೆ, ಇವತ್ತ ಭಾಳ ಮಾತಾಡೂದೈತಿ, ತಡಾ ಆಕ್ಕೈತಿ ಅಂತ."

"ಮತ್ತ ತುಂಬೂ ಮುಂದ ಯಾಕ ಹೇಳಲಿಲ್ರಿ?"

"ಕಲತವರು ನೀವು. ಏನರೆ ಇರತೈತಿ ಅಂತ ಸುಮ್ಮನಾದ್ವಿ."

ಕಿತ್ತೂರಿನ ಬಸ್ಸು ಬಂತು. ಹಿಂದೆಯೇ ರಾಮದುರ್ಗದ್ದೂ ಬಂತು. ಬೇರೆ ದಿನ ಆ ಬಸ್ಸುಗಳಿಗೆ ಕಾಯ್ದು ಕಾಯ್ದು ಸಾಕಾಗುತ್ತದೆ. ಇಬ್ಬರ ಕೈಯೂ ಉಡಿಯಲ್ಲಿ ಇದ್ದುದರಿಂದ ಅವರ ಚೀಲ ಏರಿಸಿದವಳು, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವಳು ಸಪ್ನಾಳೇ. ತನ್ನ ಗೋಷ್ಠಿಯ ಅರ್ಧ ಭಾಗವನ್ನು ತಾನೇ ಎರಡು ಬಸ್ಸಿಗೆ ಹತ್ತಿಸಿ, ಕೈ ಬೀಸಿ, ಅವಳು ಮಂಟಪದ ಕಡೆ ನಡೆದಳು. ಈಗ ಓಡಲಿಲ್ಲ. ರಂಗೋಲಿ ಪುಡಿ ಯಾವ ಅಂಗಡಿಯಲ್ಲಿ ಚಲೋ ಸಿಗುತ್ತದೆ ಎಂದು ಯೋಚಿಸುತ್ತ ನಡೆದಳು.

ಮಂಟಪ ಖಾಲಿಯಾಗಿರಲಿಲ್ಲ. ಝುಣಕ ಇನ್ನೂ ಒಲೆಯ ಮೇಲಿತ್ತು, ಉಣ್ಣದೆ ಯಾರೂ ಹೋಗುವಂತಿರಲಿಲ್ಲ. ಒಳಗಿನಿಂದ ಮೈಕಿನ ಸದ್ದು ಬರುತ್ತಿತ್ತು. ಭಾಷಣದ ದನಿಯಲ್ಲ, ಜಗಳದ ದನಿ.

ಬ್ಯೂಟಿ ಪಾರ್ಲರ್ ಇಟ್ಟಿರುವ ಮಧು ಎಂಬ ಹುಡುಗಿ ಸಭೆಯ ನಡುವೆ ಎದ್ದು ನಿಂತಿದ್ದಳು. "ಅಲ್ರಿ ಕೆಂಚಕ್ಕಾ, ಮದವಿ ದಿವಸ ಹೊರಗಿನ ಗಿರಾಕಿ ಕಾಯತಿರತಾರ. ನಮ್ಮ ಸಣ್ಣತ್ತಿ ಬಂದು ನಡುವ ಕುಂತು, ಮೊದಲ ನಂದು ಮಾಡು ಅಂತಾಳ. ಏಳ್ರಿ ಅಂದ್ರ ಸೊಕ್ಕು ಬಂದೈತಿ ಅಂತಾಳ. ಏನ್ ಮಾಡ್ಲಿ?"

ಕೆಂಚವ್ವ ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಗಿರಣಿಯಲ್ಲಿ ಕೂಗುವ ಹಾಗೆಯೇ ಕೂಗುತ್ತಿದ್ದಳು. "ನಮ್ಮ ನೆಗೆಣ್ಣಿ, ಮೈದುನನ ಹೇಂತಿ, ಹಂಗಽ ಮಾಡತಿದ್ಲು. ಮಂದಿ ಜೋಳದ ಡಬ್ಬಿ ಸಾಲಹಚ್ಚಿ ಇಟ್ಟಿದ್ರ, ತಂದು ಎಲ್ಲಾರ ಮುಂದ ಇಡೂದು. ಒಂದ ದಿವಸ ನನ್ನ ಮನಿ ಡಬ್ಬಿ ತಗೊಂಡು ಸಾಲಿನ ಕಡೀಕ ಇಟ್ಟೆ. ನಮ್ಮ ಮಂದಿ ಸಾಲು ನನ್ನ ಡಬ್ಬಿ ಹಿಂದಿಂದ ಚಾಲೂ ಅಂದೆ. ಮಾಲಕಿ ಡಬ್ಬಿನಽ ಕಡೀಕ ಐತಿ, ಇನ್ನೇನ ಅಂತಾಳ?"

"ಆ ಮ್ಯಾಲೆ?"

"ಆ ಮ್ಯಾಲೆ ಬ್ಯಾರೆ ಗಿರಣಿಗೆ ಹೋಗಾಕ ಹತ್ತಿದ್ಲು. ಮಾತು ಬಿಟ್ಲು. ಹಬ್ಬಕ್ಕ ಹೋಳಿಗಿ ಕಳಸೂದು ಬಿಟ್ಟಿಲ್ಲ. ನಾನೂ ಕಳಸತೇನಿ. ಮಾತಿಲ್ಲ, ಹೋಳಿಗಿ ಐತಿ."

"ಅದು ನಿಮಗ ನಡೀತೈತ್ರಿ" ಎಂಬ ಮಾತು ಬಾಗಿಲಿನಿಂದ ಬಂತು. ಸಪ್ನಾ ತಿರುಗಿ ನೋಡಿದರೆ ರೇಣು. ಸೆರಗು ಖಾಲಿ ಇತ್ತು. "ಉಡಿ ದೇವರ ಜಗಲಿ ಮುಂದ ಇಳಿಸಿ, ಒಂದ ಕಪ್ ಚಾ ಕುಡದು, ಮೈಕಿನ ದನಿ ಕೇಳಿ ಬಂದೆ" ಎಂದು ಸಪ್ನಾಳಿಗೆ ಹೇಳಿ, ವೇದಿಕೆ ಹತ್ತಿ ತನ್ನ ಕುರ್ಚಿಯಲ್ಲಿ ಕೂತಳು. "ನಿಮ್ಮ ನೆಗೆಣ್ಣಿ ಓಣಿ ಆ ಕಡೆ ಅದಾಳ. ನಮ್ಮ ನಾದಿನಿದು ನಂದು ಒಂದಽ ಗ್ವಾಡಿ. ಆಕಿ ಜಂಪರ್ ಕಡೀಕ ಹೊಲದ್ರ ನಾ ಬಚ್ಚಲಕ್ಕ ಹೋಗೂ ಹಾದ್ಯಾಗ ಬಂದು ನಿಂದರತಾಳ."

"ಹಂಗಾರ ಮೊದಲ ಹೊಲದು ಕೊಡು."

"ಕೊಟ್ರ ಆಕಿ ತಂಗೀದು ತರತಾಳ."

"ತರಲಿ. ಅಳತಿ ತಗೊಳ್ಳಾಕ ತಂಗೀನಽ ಬರಬೇಕು ಅನ್ನು. ತಂಗಿ ಎಲ್ಲಿರತಾಳ?"

"ಪುಣೇದಾಗ."

"ಮತ್ತೇನ ಆತು" ಎಂದಳು ಕೆಂಚವ್ವ.

ಸಭೆ ನಕ್ಕಿತು. ರೇಣು ನಗಲಿಲ್ಲ. ಅಳತೆಯ ಜಂಪರ್ ಕಳಿಸಿಬಿಡುತ್ತಾರೆ, ನಿಮಗೆ ಹೊಲಿಗೆ ಗೊತ್ತಿಲ್ಲ ಎಂದು ವಾದಕ್ಕೆ ಬಿದ್ದಳು. ಮಧು ವೇದಿಕೆ ಹತ್ತಿ ಯಶೋಧಾಳ ಕುರ್ಚಿಯಲ್ಲಿ ಕೂತಳು, ಕೆಳಗಿನಿಂದ ಕೂಗಿ ಅವಳಿಗೆ ಸಾಕಾಗಿತ್ತು. ಹಪ್ಪಳದವಳೊಬ್ಬಳು ಭಾಗ್ಯಾಳ ಕುರ್ಚಿ ಹಿಡಿದಳು. ಮೈಕನ್ನು ಒಬ್ಬರ ಕೈಯಿಂದ ಇನ್ನೊಬ್ಬರು ಕಸಿದುಕೊಳ್ಳುವುದು ನಡೆಯಿತು. ಸಪ್ನಾ ಜೋಡಿಸಿಟ್ಟುಕೊಂಡಿದ್ದ ಪ್ರಶ್ನೆಗಳಲ್ಲಿ ಒಂದನ್ನು ಕೇಳಲು ಎರಡು ಸಲ ಬಾಯಿ ತೆರೆದಳು. ಎರಡನೇ ಸಲ ಹಪ್ಪಳದವಳು, "ನಿಂದರ್ರಿ ಮೇಡಂ" ಎಂದಳು. ಸಪ್ನಾ ನಿಂತಳು. ಹಾಗೆ ನಿಂತಿರುವುದು ಚಲೋ ಅನಿಸಿತು.

ಸುಂದರಾಬಾಯಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಗೋಷ್ಠಿ ಮುಗಿದಿದೆ ಎಂದು ಹೇಳಿದ ಮೇಲೆ ಅದು ಸುರುವಾದದ್ದರಿಂದ ಅವರು ಏಳುವಂತೆಯೂ ಇರಲಿಲ್ಲ, ಕೇಳದಂತೆ ನಟಿಸುವಂತೆಯೂ ಇರಲಿಲ್ಲ. ಮೊದಮೊದಲು ಕೈಗಡಿಯಾರ ನೋಡಿದರು. ರೇಣುವಿನ ಗೋಡೆಯ ಮಾತು ಬಂದಾಗ ತಲೆ ಅಲ್ಲಾಡಿಸಿದರು. ಆಮೇಲೆ ಪಕ್ಕದವಳಿಗೆ, ತಮ್ಮ ಗಂಡನ ಅಕ್ಕ ಶಾಲೆಯ ಮಕ್ಕಳ ಪರೀಕ್ಷೆ ಸಮಯದಲ್ಲೇ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದುದನ್ನು ಹೇಳತೊಡಗಿದರು. ಅಡುಗೆಯವರು ಬಂದು ಝುಣಕ ಆರುತ್ತದೆ ಎಂದರು. ಯಾರೂ ಏಳಲಿಲ್ಲ. ಅಡುಗೆಯವರೂ ಬಾಗಿಲಲ್ಲಿ ನಿಂತು ಕೇಳಿದರು.

ಕೊನೆಗೆ ಮೈಕು ಅಕ್ಕೋರ ಕೈಗೆ ಬಂತು. ಎರಡನೇ ಸಲ ಅಧ್ಯಕ್ಷೀಯ ನುಡಿ ಹೇಳುವ ಪ್ರಸಂಗ ಅವರಿಗೆ ಹೊಸದು. ಗಂಟಲು ಸರಿಮಾಡಿಕೊಂಡು, "ನಾನು ಮೊದಲೇ ಹೇಳಿದಂಗ, ಇವತ್ತಿನ ಗೋಷ್ಠಿ ಅರ್ಥಪೂರ್ಣ ಆಗೇದ" ಎಂದರು. ಕೆಳಗಿಳಿದು ಸಪ್ನಾಳ ಹತ್ತಿರ ಬಂದು ದನಿ ತಗ್ಗಿಸಿದರು. "ಮುಂದಿನ ವರ್ಷ ಗೋಷ್ಠಿ ಇರಲಿ. ರಂಗೋಲಿ ಬಾಗಿಲ ಮುಂದ ಒಂದು ಹಾಕಿದ್ರ ಸಾಕು."

"ಹೌದ್ರಿ ಅಕ್ಕೋರ" ಎಂದಳು ಸಪ್ನಾ.

ಊಟವಾದ ಮೇಲೆ ಸಪ್ನಾ ಕೆಂಚವ್ವನನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ಬಂದಳು. ಅದೇ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಮುನವಳ್ಳಿ ಕಡೆಯ ಬಸ್ಸು ಬಂದಿರಲಿಲ್ಲ. ಬಿಸಿಲಿದ್ದರೂ ಕೆಂಚವ್ವ ಶಾಲು ತೆಗೆದಿರಲಿಲ್ಲ.

"ಇವತ್ತ ನೀವು ಉಳಿದಿದ್ದಕ್ಕ ಗೋಷ್ಠಿ ಉಳೀತ್ರಿ" ಎಂದಳು ಸಪ್ನಾ.

"ನಾ ಎಲ್ಲಿ ಉಳಿದೆ? ನೀವು ಉಳಿಸಿದ್ರಿ. ನನಗೂ ತುಂಬಿದ್ರ ನಾನೂ ಅವರ ಹಿಂದಽ ಇದ್ದೆ. ಗಿರಣಿಗೆ ಕೀಲಿ ಹಾಕಿ ಬಂದೇನಿ."

ಸಪ್ನಾ ಸ್ವಲ್ಪ ಹೊತ್ತು ಬಸ್ಸುಗಳ ಬೋರ್ಡು ಓದಿದಳು. ಮೊದಲೇ ಕೇಳಬೇಕಿದ್ದ ಮಾತನ್ನು ಆಮೇಲೆ ಕೇಳಿದಳು. "ಮುಂದಿನ ಸಲ ನಿಮಗೂ ಉಡಿ ತುಂಬಿದ್ರ ನಡೀತೈತೇನ್ರಿ?"

ಕೆಂಚವ್ವ ಹುಬ್ಬಿನ ಮೇಲಿನ ಹಿಟ್ಟನ್ನು ಶಾಲಿನ ಅಂಚಿನಿಂದ ಒರೆಸಿಕೊಂಡಳು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿ ಬಹಳ ದಿನವಾಗಿತ್ತೋ, ಎಂದೂ ಕೇಳಿರಲಿಲ್ಲವೋ, ಮುಖದಿಂದ ತಿಳಿಯುವಂತಿರಲಿಲ್ಲ.

"ನಡೀತೈತಿ" ಎಂದಳು. "ಆದರ ಕಡೀಕ ತುಂಬ. ನನಗ ಹೇಳೂದು ಇನ್ನೂ ಭಾಳ ಉಳದೈತಿ."

ದೂರದಲ್ಲಿ ಬಸ್ಸು ತಿರುಗಿತು. ಸಪ್ನಾ ಸೀಟು ಹಿಡಿಯಲು ಟವೆಲ್ ಕೈಗೆ ತೆಗೆದುಕೊಂಡಳು. ಕೆಂಚವ್ವ ಅದನ್ನು ಕಸಿದುಕೊಂಡು, "ನನ್ನ ಕೈ ಖಾಲಿ ಅದಾವ, ನಾನಽ ಹಿಡೀತೇನಿ" ಎಂದು ಎದ್ದಳು.